ಸೀನವ್ವನ ಕಟ್ಟೆ

ಗೊರವಿಹಾಳದಿಂದ ಹೊಳೆಯ ಕಡೆಗೆ ಇಳಿಯುವ ಹಳೆಯ ಗಾಡಿದಾರಿ ಈಗ ಯಾರಿಗೂ ಬೇಡವಾಗಿದೆ. ಮೇಲುಗಡೆ ಸೇತುವೆಯಾದ ಮೇಲೆ ಬಸ್ಸು, ಲಾರಿ, ಮೋಟಾರು ಸೈಕಲ್ಲು ಎಲ್ಲವೂ ಅದರ ಮೇಲೆಯೇ ಓಡಾಡುತ್ತವೆ. ಕೆಳಗೆ ಒಂದು ಕಡವು ಇತ್ತು, ಅಲ್ಲಿ ಹರಿಗೋಲಿಗಾಗಿ ಜನ ಗಂಟುಮೂಟೆ ಇಟ್ಟುಕೊಂಡು ಕಾಯುತ್ತಿದ್ದರು ಎಂಬುದನ್ನು ನೆನೆಯುವವರು ಕಡಿಮೆ. ಆದರೂ ದಾರಿ ಪೂರ್ತಿ ಅಳಿದಿಲ್ಲ. ಜಾಲಿಯ ಪೊದೆಗಳನ್ನು ಸರಿಸಿಕೊಂಡು ಇಳಿದರೆ, ನೀರಿಗಿಂತ ಸ್ವಲ್ಪ ಮೇಲೆ ಒಂದು ಹೊಂಗೆಯ ಮರ, ಅದರ ಬುಡದಲ್ಲಿ ಕಲ್ಲು ಹಾಸಿದ ಒಂದು ಕಟ್ಟೆ ಸಿಗುತ್ತದೆ. ಗುಡಿಯಿಲ್ಲ, ಗೋಪುರವಿಲ್ಲ, ಪೂಜಾರಿಯಿಲ್ಲ, ಹುಂಡಿಯಂತೂ ಇಲ್ಲವೇ ಇಲ್ಲ. ಕಟ್ಟೆಯ ನಡುಗಲ್ಲಿನಲ್ಲಿ ಅಕ್ಕಪಕ್ಕ ಎರಡು ಕುಳಿಗಳಿವೆ, ಹೆಬ್ಬೆರಳು ಇಳಿಯುವಷ್ಟು ದೊಡ್ಡವು. ಆ ಎರಡರಲ್ಲೂ ಯಾವಾಗ ಹೋಗಿ ನೋಡಿದರೂ ಒಂದೊಂದು ಕರಡದ ಹುಲ್ಲಿನ ಕಡ್ಡಿ ನಿಂತಿರುತ್ತದೆ. ಸುತ್ತಮುತ್ತ ಅದೇ ಕರಡದ ಹುಲ್ಲು ಸೊಂಟದೆತ್ತರ ಬೆಳೆದು, ತುದಿಯ ನವಿರಾದ ತೆನೆಗಳನ್ನು ಗಾಳಿಗೆ ಒಡ್ಡಿಕೊಂಡು ತೂಗುತ್ತಿರುತ್ತದೆ. ದನ ಕಾಯುವವರು ಅದಕ್ಕೆ ಕುಡುಗೋಲು ತಾಗಿಸುವುದಿಲ್ಲ.

ಇದಕ್ಕೆ ಸೀನವ್ವನ ಕಟ್ಟೆ ಎಂದು ಹೆಸರು. ಹೆಸರು ಕೇಳಿದವರು ಮೊದಲು ನಗುತ್ತಾರೆ. ನಗಲಿ, ಸೀನೆಂದರೆ ನಗು ಬರುವುದು ಸಹಜವೇ. ಆದರೆ ಅದೇ ನಗುವವರು ಮನೆಯಿಂದ ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ, ಹೊಸ್ತಿಲಾಚೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಒಂದು ಗುಟುಕು ನೀರು ಕುಡಿದು, ತುಸು ಹೊತ್ತು ಕೂತು ಆಮೇಲೆ ಹೊರಡುತ್ತಾರೆ. ಬೆನ್ನಹಿಂದೆಯೇ ಇನ್ನೊಂದು ಸೀನು ಬಂದರೆ ಮಾತ್ರ ಮುಖ ಅರಳಿಸಿ, ಜೋಡಿ ಸೀನು, ಒಳ್ಳೆಯದಾಯಿತು ಎಂದು ನಡೆದುಬಿಡುತ್ತಾರೆ. ಒಂದಾದರೆ ಏಕೆ ಕೂರಬೇಕು, ಎರಡಾದರೆ ಏಕೆ ಹೋಗಬಹುದು ಎಂದು ಕೇಳಿದರೆ ತಿಳಿದವರು ಏನೇನೋ ಹೇಳಿಯಾರು. ಗೊರವಿಹಾಳದ ಅಂಬಿಗರ ಓಣಿಯಲ್ಲಿ ಕೇಳಿದರೆ, ಅದೆಲ್ಲ ಹುಟ್ಟಿದ್ದು ನಮ್ಮ ಈ ಕಟ್ಟೆಯ ಮೇಲೆಯೇ ಎಂದು ಖಡಾಖಂಡಿತವಾಗಿ ಹೇಳುತ್ತಾರೆ. ಬೇರೆ ಊರಿನವರು ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೆ ಅಂಬಿಗರ ಓಣಿಗೆ ನಷ್ಟವೇನೂ ಇಲ್ಲ.

ಹಿಂದೆ ಒಮ್ಮೆ, ಸೀನು ಬರೀ ಸೀನಾಗಿದ್ದ ಕಾಲದಲ್ಲಿ, ಈ ಕಡವಿನಲ್ಲಿ ದುರುಗಪ್ಪ ಎಂಬ ಅಂಬಿಗ ಹರಿಗೋಲು ಹಾಕುತ್ತಿದ್ದನಂತೆ. ಬಿದಿರು ಹೆಣೆದು, ಮೇಲೆ ಚರ್ಮ ಹೊದಿಸಿ ಮಾಡಿದ ದುಂಡನೆಯ ಹರಿಗೋಲು ಅದು. ನೀರಿಗೆ ಬಿಟ್ಟರೆ ಮುಂದೆ ಹೋಗುವುದಕ್ಕಿಂತ ಸುತ್ತುವುದೇ ಅದಕ್ಕೆ ಇಷ್ಟ. ದುರುಗಪ್ಪ ಒಂದೇ ಹುಟ್ಟಿನಿಂದ ಅದನ್ನು ಒಲಿಸಿಕೊಂಡು, ಸುತ್ತುತ್ತ ಸುತ್ತುತ್ತಲೇ ಆಚೆ ದಡದ ಕಡವಿನಹಾಳಕ್ಕೆ ಮುಟ್ಟಿಸುತ್ತಿದ್ದ. ಕೂತವರಿಗೆ ಎರಡೂ ದಡಗಳು, ಗುಡ್ಡಗಳು, ಮೋಡಗಳು ಮೆಲ್ಲಗೆ ತಿರುಗಿ ತಿರುಗಿ ಕಣ್ಣಿಗೆ ಜೊಂಪು ಹತ್ತುತ್ತಿತ್ತು. ಎಷ್ಟೋ ಜನ ಈ ದಡದಲ್ಲಿ ಮಾತು ಶುರುಮಾಡಿ ಆ ದಡದಲ್ಲಿ ಎಚ್ಚರವಾಗುತ್ತಿದ್ದರು ಎನ್ನುತ್ತಾರೆ. ಅವನ ಹೆಂಡತಿ ಹುಲಿಗೆವ್ವ. ದೊಡ್ಡ ಕಣ್ಣಿನ, ಕಡಿಮೆ ಮಾತಿನ ಹೆಂಗಸು. ಗಂಡ ನೀರಿನ ಮೇಲೆ ಇರುವಷ್ಟು ಹೊತ್ತೂ ಅವಳ ಕೈ ಮನೆಗೆಲಸದಲ್ಲಿದ್ದರೂ ಕಿವಿ ಹೊಳೆಯ ಕಡೆಗೇ ಇರುತ್ತಿತ್ತು. ಅವರಿಗೊಬ್ಬಳು ಮಗಳು, ಗಾಳೆವ್ವ. ಆಗಿನ್ನೂ ತಾಯಿಯ ಸೆರಗು ಹಿಡಿದು ಓಡಾಡುವ ಕೂಸು.

ಒಂದು ಮುಂಜಾನೆ, ಹೊಳೆಗೆ ಹೊಸನೀರು ಬಂದಿದ್ದ ದಿನಗಳಲ್ಲಿ, ದುರುಗಪ್ಪ ತಲೆಗೆ ರುಮಾಲು ಸುತ್ತಿಕೊಂಡು ಹುಟ್ಟು ಹೆಗಲಿಗೇರಿಸಿದ. ಹುಲಿಗೆವ್ವ ಪಡಸಾಲೆಯಲ್ಲಿ ಕೂತು ಜೋಳದ ಹಿಟ್ಟು ಸಾಣಿಸುತ್ತಿದ್ದಳು. ಹಿಟ್ಟಿನ ಧೂಳು ಬಾಗಿಲ ಬಿಸಿಲಿನಲ್ಲಿ ಎದ್ದು ಮೆಲ್ಲಗೆ ತೇಲುತ್ತಿತ್ತು. ಅವನು ಹೊಸ್ತಿಲು ದಾಟುವುದಕ್ಕೂ ಅವಳಿಗೆ ಒಂದು ಸೀನು ಬರುವುದಕ್ಕೂ ಸರಿಹೋಯಿತು. ಸೀನಿನ ಜೊತೆಗೆ ಅವಳ ಎದೆಯೊಳಗೆ ಏನೋ ಕಳಚಿ ಬಿದ್ದ ಹಾಗಾಯಿತಂತೆ. ಬ್ಯಾಡ, ಇವತ್ತು ಹೋಗಬ್ಯಾಡ ಎನ್ನಬೇಕೆನಿಸಿತು. ಆದರೆ ಹೊರಟವರನ್ನು ಹಿಂದಿನಿಂದ ಕರೆಯಬಾರದು, ಅದು ಒಳ್ಳೆಯದಲ್ಲ ಎಂಬ ಮಾತು ಆಗಲೂ ಇತ್ತು. ಅತ್ತೆ ಹೇಳಿದ್ದಳು, ಅತ್ತೆಗೆ ಅವಳ ಅತ್ತೆ ಹೇಳಿದ್ದಳು. ಬಾಯಿಗೆ ಬಂದ ಮಾತನ್ನು ಹುಲಿಗೆವ್ವ ನುಂಗಿಕೊಂಡಳು. ದುರುಗಪ್ಪ ತಿರುಗಿ ನೋಡಿ, ಮುಖಕ್ಕೆಲ್ಲ ಹಿಟ್ಟು ಬಳಿದುಕೊಂಡ ಹೆಂಡತಿಯನ್ನು ಕಂಡು ನಕ್ಕು ಹೋದ. ಆ ನಗುವೇ ಕಡೆಯದು. ಬಿಸಿಲು ಏರುವ ಹೊತ್ತಿಗೆ ಹರಿಗೋಲು ಬರಿದೇ ಸುತ್ತುತ್ತ ಕೆಳಗಿನ ಮಡುವಿಗೆ ಹೋಗಿ ನಿಂತಿತ್ತು.

ಅತ್ತು ಕಣ್ಣೀರು ಬತ್ತಿದ ಮೇಲೆ, ಬಂದ ಹೆಂಗಸರಿಗೆಲ್ಲ ಹುಲಿಗೆವ್ವ ಹೇಳಿದ್ದು ಒಂದೇ ಮಾತು: “ಸೀನು ಹೇಳಿತ್ತಬೇ ನನಗ. ನಾನಽ ಕೇಳಲಿಲ್ಲ.” ಬಾಯಿ ಬಿಡದ ಹೆಂಗಸು ಅಂಥ ಮಾತು ಆಡಿದರೆ ಯಾರ ಎದೆ ನಡುಗುವುದಿಲ್ಲ? ಕೇಳಿದವರು ಮನೆಗೆ ಹೋಗಿ ತಮ್ಮ ಗಂಡಂದಿರಿಗೆ ಹೇಳಿದರು, ಅವರು ಕಡವಿನಲ್ಲಿ ಹೇಳಿದರು, ಕಡವಿನಿಂದ ಅದು ಹೊಳೆ ದಾಟಿತು. ಹೊರಡುವಾಗ ಸೀನು ಬಂದರೆ ಕೂರುವುದು ಹೀಗೆ ಆರಂಭವಾಯಿತು ಎನ್ನುತ್ತಾರೆ. ಜನ ಎಂದ ಮೇಲೆ ಅತಿಯೂ ಇರಲೇಬೇಕಲ್ಲ. ನೆಗಡಿ ಆದವರು ಕಡವಿನ ಹತ್ತಿರ ಸುಳಿಯುವ ಹಾಗಿರಲಿಲ್ಲವಂತೆ. ಸಂತೆಗೆ ಹೊರಟ ಒಬ್ಬ ಕಂಬಳಿ ವ್ಯಾಪಾರಿ, ತನಗೆ ತಾನೇ ಸೀನಿಕೊಂಡು, ಏಳುವುದು ಕೂರುವುದು, ಏಳುವುದು ಕೂರುವುದು ಮಾಡಿ, ಸಂತೆ ಮುಗಿದ ಮೇಲೆ ಮನೆಗೆ ಹೋದನಂತೆ. ದುರುಗಪ್ಪನ ತಮ್ಮ ಕರಿಯಪ್ಪ ಅಣ್ಣನ ಹುಟ್ಟು ಹಿಡಿದಿದ್ದ. ಒಂಟಿ ಸೀನು ಕೇಳಿಸಿತೆಂದರೆ ಹರಿಗೋಲನ್ನು ಹೊಂಗೆಯ ಬೇರಿಗೆ ಕಟ್ಟಿ, ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿ, ತಾನು ಎಲೆಯಡಿಕೆ ತೆಗೆಯುತ್ತಿದ್ದ. ಆ ಕಟ್ಟೆಯ ಕುಳಿಗಳಲ್ಲಿ ಹಿಂದಿನವರು ಹರಿಗೋಲು ಬಿಗಿಯುವ ಗೂಟ ನೆಡುತ್ತಿದ್ದರಂತೆ. ಹುಲಿಗೆವ್ವನ ಕಾಲಕ್ಕಾಗಲೇ ಗೂಟಗಳು ಹೋಗಿ ಬರೀ ಕುಳಿಗಳು ಉಳಿದಿದ್ದವು.

ಹುಲಿಗೆವ್ವನಿಗೂ ಆ ಕಟ್ಟೆಯೇ ಮನೆಯಾಯಿತು. ಬೆಳಗಿನ ಕೆಲಸ ಮುಗಿಸಿ, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮೇಲೆ ಹೊಂಗೆಯ ಹೂ ಉದುರುತ್ತಿತ್ತು, ಕೆಳಗೆ ನೀರು ಹರಿಯುತ್ತಿತ್ತು. ನೀರನ್ನೇ ಬಹಳ ಹೊತ್ತು ನೋಡುತ್ತ ಕೂತರೆ ನೀರು ನಿಂತು, ದಡವೇ ಹರಿಯತೊಡಗಿದಂತೆ ಆಗುತ್ತದಲ್ಲ, ಹಾಗೆ ಅವಳಿಗೆ ವರ್ಷಗಳು ಹರಿದುಹೋದವು. ಕೂಸು ಗಾಳೆವ್ವ ಬೆಳೆದಳು, ಈಜು ಕಲಿತಳು, ಚಿಕ್ಕಪ್ಪನ ಹುಟ್ಟು ಕಸಿದುಕೊಂಡು ತಾನೇ ಹರಿಗೋಲು ಸುತ್ತಿಸಿದಳು. ತಾಯಿ ಎಷ್ಟು ಕಡಿಮೆ ಮಾತಿನವಳೋ ಮಗಳು ಅಷ್ಟು ಬಾಯಾಳಿ. ತಾಯಿಯ ಕಣ್ಣು ಮಾತ್ರ ಒಂದು ಗಳಿಗೆಯೂ ಅವಳನ್ನು ಬಿಟ್ಟದ್ದಿಲ್ಲ. ಹೊಳೆ ಗಂಡನನ್ನು ತೆಗೆದುಕೊಂಡಿತು, ಇದೊಂದನ್ನು ನನಗೆ ಬಿಡಲಿ ಎಂಬುದು ಬಿಟ್ಟರೆ ಹುಲಿಗೆವ್ವನಿಗೆ ಬೇರೆ ಬೇಡಿಕೆಯೇ ಇರಲಿಲ್ಲ.

ಆದರೆ ಹೆಣ್ಣು ಬೆಳೆದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳಲಾದೀತೆ? ಮದುವೆ ಗೊತ್ತಾಯಿತು, ಅದೂ ಆಚೆ ದಡದ ಕಡವಿನಹಾಳಕ್ಕೆ. ಹುಡುಗ ಭರಮಪ್ಪ, ಬಲೆ ಬೀಸುವವರ ಮನೆಯವನು. ಗಾಳೆವ್ವನಿಗೆ ಅವನನ್ನು ಕಂಡರೆ ಪ್ರಾಣ. ಮದುವೆ ಈ ದಡದಲ್ಲೇ ಆಗಿ, ಹೆಣ್ಣನ್ನು ಗಂಡನ ಮನೆಗೆ ಕಳಿಸುವುದೊಂದು ಉಳಿಯಿತು. ಒಳ್ಳೆಯ ದಿನ ನೋಡಿ ಬೀಗರು ಕರೆಯಲು ಬಂದರು. ಭರಮಪ್ಪನ ತಂದೆ ಕನಕಪ್ಪ ಮುಂದೆ ನಿಂತು ಮಾತಾಡುವ ಹಿರಿಯ, ಮೀಸೆಯೂ ಮಾತೂ ಎರಡೂ ಗಡುಸು. ಹುಲಿಗೆವ್ವ ಮಗಳ ಉಡಿ ತುಂಬಿದಳು, ಬುತ್ತಿ ಕಟ್ಟಿದಳು, ಕಡವಿನ ತನಕ ಬಂದಳು. ಹರಿಗೋಲು ಕಂಡದ್ದೇ ತಡ ಅವಳ ಜೀವ ಬಾಯಿಗೆ ಬಂತು. ಅದೇ ದುಂಡನೆಯ ಹರಿಗೋಲು, ಅದೇ ನೀರು. ಕಳಿಸಲಾರೆ ಎನ್ನುವ ಹಾಗಿಲ್ಲ, ಬೀಗರ ಮುಂದೆ ಹಾಗೆಂದರೆ ಮಗಳ ಬಾಳು ಬೀದಿಗೆ ಬಿದ್ದಂತೆಯೇ. ಹಿಂದಿನಿಂದ ಕರೆಯುವ ಹಾಗಿಲ್ಲ. ಹಾಗೆ ನಿಂತವಳ ಕೈಗೆ ಮರದ ಬುಡದ ಕರಡದ ಹುಲ್ಲು ಸಿಕ್ಕಿತು. ಹುಲಿಗೆವ್ವ ಹೊಂಗೆಯ ಮರೆಗೆ ಸರಿದಳು, ಸೆರಗು ಮುಖಕ್ಕೆ ಎಳೆದುಕೊಂಡಳು, ಹುಲ್ಲಿನ ತೆನೆಯನ್ನು ಮೂಗಿಗೆ ತಾಗಿಸಿದಳು.

ಒಂದೇ ಒಂದು ಸೀನು. ಹರಿಗೋಲಿಗೆ ಕಾಲಿಡುತ್ತಿದ್ದ ಬೀಗರು ಕಲ್ಲಾದರು. ಕೂತರು, ನೀರು ಕುಡಿದರು. ಆದರೆ ದುರುಗಪ್ಪನ ಹೆಂಡತಿಯ ಸೀನೆಂದರೆ ಅದಕ್ಕೊಂದು ತೂಕವಿತ್ತು. ಕೂತು ಎದ್ದರೂ ಯಾರಿಗೂ ಧೈರ್ಯ ಬರಲಿಲ್ಲ. ನೋಡಿಟ್ಟ ಒಳ್ಳೆಯ ಹೊತ್ತು ಮೀರಿತು, ಇನ್ನೊಂದು ದಿನ ಬರುತ್ತೇವೆಂದು ಬೀಗರು ತಾವಷ್ಟೇ ದಾಟಿಹೋದರು. ಆ ದಿನ ಮಧ್ಯಾಹ್ನ ತಾಯಿ ಮಗಳು ಕಟ್ಟಿದ ಬುತ್ತಿಯನ್ನು ಕಟ್ಟೆಯ ಮೇಲೆ ಬಿಚ್ಚಿಕೊಂಡು ಉಂಡರು. ಗಾಳೆವ್ವ ಮುಖ ಊದಿಸಿಕೊಂಡಿದ್ದಳು. ಹುಲಿಗೆವ್ವನಿಗೆ ಪಾಪ ಮಾಡಿದೆನೆಂಬ ಅಳುಕು ಒಂದು ಕಡೆ, ಮಗಳು ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದಾಳೆ ಎಂಬ ಹಿಗ್ಗು ಒಂದು ಕಡೆ. ಹಿಗ್ಗೇ ಹೆಚ್ಚಾಗಿತ್ತು, ಸುಳ್ಳೇಕೆ ಹೇಳಬೇಕು. ಮುಂದಿನ ಸಲ ಬೀಗರು ಬಂದಾಗಲೂ ಮರದ ಮರೆಯಿಂದ ಒಂದು ಸೀನು ಬಂತು. ಕನಕಪ್ಪ ಮೀಸೆ ಕಚ್ಚಿಕೊಂಡು, ಭರಮಪ್ಪ ತಿರುಗಿ ತಿರುಗಿ ನೋಡುತ್ತ ಹೋದರು.

ಗಾಳೆವ್ವ ಆ ಸಲ ಮುಖ ಊದಿಸಲಿಲ್ಲ. ಮನೆಗೆ ಬಂದ ಮೇಲೆ ಪಡಸಾಲೆಯಲ್ಲಿ ತಾಯಿಯ ಮುಂದೆ ನಿಂತು, ಅವಳ ಸೆರಗಿನ ಅಂಚಿಗೆ ಅಂಟಿದ್ದ ಕರಡದ ಎಳೆಯೊಂದನ್ನು ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡಳು.

“ಯವ್ವಾ, ನಾನು ಸಣ್ಣಾಕಿ ಇದ್ದಾಗ ಇದನ್ನ ಮೂಗಿನಾಗ ಹಾಕ್ಕೊಂಡು ಸೀನಿ ನಿನ್ನ ನಗಸಾಕ ನೋಡ್ತಿದ್ದೆ. ನೆನಪೈತಿಲ್ಲೋ ನಿನಗ?”

ಹುಲಿಗೆವ್ವ ತಲೆ ತಗ್ಗಿಸಿದಳು.

“ಅಪ್ಪನ್ನ ಕರೀಲಿಲ್ಲ ಅಂತ ನನ್ನ ಕರೀತಿ. ಅದು ನನಗೂ ಗೊತ್ತೈತಬೇ. ಆದ್ರ ಕೂಡ್ರಿಸಿ ಕೂಡ್ರಿಸಿ ನನ್ನ ಇಲ್ಲೇ ಮುದುಕಿ ಮಾಡ್ತಿಯೇನು? ಮುಂದಿನ ಸಲಾನೂ ಹಿಂಗಾದ್ರ ಈ ಹೆಣ್ಣಿನ ಋಣ ನಮಗಿಲ್ಲ ಅಂತ ನಮ್ಮ ಮಾವ ಹೇಳಿಬಿಟ್ಟಾನ.”

ಗಾಳೆವ್ವ ಅಳುತ್ತ ಒಳಗೆ ಹೋದಳು. ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಬಹುದಿತ್ತು, ನಮ್ಮವ್ವನ ಸೀನು ಸುಳ್ಳು ಎಂದು. ಹೇಳಲಿಲ್ಲ. ಬಾಯಾಳಿಯೆಂದು ಹೆಸರಾಗಿದ್ದ ಮಗಳು ಅದೊಂದು ವಿಷಯದಲ್ಲಿ ಬಾಯಿ ಕಟ್ಟಿಕೊಂಡದ್ದು ಹುಲಿಗೆವ್ವನನ್ನು ಒಳಗೇ ಮುರಿಯಿತು. ನನ್ನ ಭಯಕ್ಕೆ ಮಗಳ ಬಾಳನ್ನು ಗೂಟಕ್ಕೆ ಕಟ್ಟಿ ನಿಲ್ಲಿಸಿದ್ದೇನೆ ಎಂದು ಅವಳಿಗೆ ಅರಿವಾಯಿತು. ಕಳಿಸಿಬಿಡುತ್ತೇನೆ ಎಂದು ನಿಶ್ಚಯ ಮಾಡಿದಳು.

ಬೀಗರು ಬರುವ ದಿನ ಬೆಳಗಾಗುತ್ತಲೇ ಹುಲಿಗೆವ್ವ ಕಡವಿಗೆ ಹೋಗಿ, ತನ್ನ ಕೈಯನ್ನು ತಾನೇ ನಂಬದೆ, ಹೊಂಗೆಯ ಸುತ್ತ ಬೆಳೆದಿದ್ದ ಕರಡವನ್ನೆಲ್ಲ ಬೇರುಸಹಿತ ಕಿತ್ತಳು. ಸಿವುಡು ಸಿವುಡಾಗಿ ಹೊಳೆಗೆ ಬಿಟ್ಟಳು. ಹುಲ್ಲು ತೇಲುತ್ತ, ಸುತ್ತುತ್ತ, ಮಂಜಿನೊಳಗೆ ಕರಗಿಹೋಗುವುದನ್ನು ನೋಡುತ್ತ ನಿಂತಳು. ಮನಸ್ಸು ಹಗುರವಾಗಿತ್ತು. ಬೀಗರು ಬಂದರು. ಉಡಿ ತುಂಬುವುದಾಯಿತು, ಹಿರಿಯರ ಕಾಲು ಮುಟ್ಟುವುದಾಯಿತು. ಈ ಸಲ ಹುಲಿಗೆವ್ವ ಮರದ ಮರೆಗೆ ಹೋಗದೆ, ಎಲ್ಲರಿಗೂ ಕಾಣುವ ಹಾಗೆ, ಎರಡೂ ಕೈ ಕಟ್ಟಿಕೊಂಡು ಕಟ್ಟೆಯ ನಡುವೆ ನಿಂತಳು. ಮಗಳು ಅದನ್ನು ಕಂಡು, ಕಣ್ಣಿನಲ್ಲೇ ತಾಯಿಗೆ ಶರಣು ಮಾಡಿ, ಹರಿಗೋಲಿನ ಅಂಚಿಗೆ ಕಾಲಿಟ್ಟಳು. ಆಗ ಬಂತು ಸೀನು. ಕರೆಯದೆ ಬಂದದ್ದು, ಬೇಡವೆಂದರೂ ಬಂದದ್ದು, ಹಿಟ್ಟು ಸಾಣಿಸುವಾಗ ಬಂತಲ್ಲ ಅಂಥದೇ ಒಂದು ನಿಜವಾದ ಸೀನು.

ಬೆಳಗಿನಿಂದ ಹುಲ್ಲು ಕಿತ್ತವಳ ಮೂಗಿಗೆ ಅದರ ಧೂಳು ಹೋಗಿದ್ದೀತು ಎಂದು ಈಗ ನಾವು ನೆರಳಲ್ಲಿ ಕೂತು ಹೇಳಬಹುದು. ಹುಲಿಗೆವ್ವನಿಗೆ ಹಾಗೆ ಅನ್ನಿಸಲಿಲ್ಲ. ಅವಳ ಪಾಲಿಗೆ ಇದು ದುರುಗಪ್ಪ ಹೋದ ದಿನದ ಸೀನೇ. ಎದೆಯಲ್ಲಿ ಅದೇ ಏನೋ ಕಳಚಿ ಬಿತ್ತು. ಗಾಳೆವ್ವ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟೂ ಇರಲಿಲ್ಲ, ಸೋತ ನೋಟ ಅದು. ನಾನಲ್ಲ ಮಗಳೇ, ಈ ಸಲ ನಾನಲ್ಲ ಎಂದು ಹುಲಿಗೆವ್ವನಿಗೆ ಕೂಗಬೇಕೆನಿಸಿತು. ಕೂಗಿದರೆ ನಂಬುವವರು ಯಾರು? ನಂಬಿದರಂತೂ ಇನ್ನೂ ಕೇಡು, ನಿಜವಾದ ಸೀನೆಂದ ಮೇಲೆ ಹೆಣ್ಣನ್ನು ಹರಿಗೋಲಿಗೆ ಹತ್ತಿಸುವವರೇ ಇಲ್ಲ. ಕನಕಪ್ಪ ಕೋಲು ಕುಟ್ಟಿ, “ಮುಗೀತು, ನಡೀರಿ. ಈ ಹೆಣ್ಣು ಹೊಳಿ ದಾಟಾಕ ಹುಟ್ಟಿಲ್ಲ” ಎಂದ. ಕರಿಯಪ್ಪ ಅಂಗಲಾಚಿ, ಸೀನು ಬಂದ ಮೇಲೆ ಕೂತು ಏಳುವುದು ವಾಡಿಕೆ, ಒಂದು ಗಳಿಗೆ ಕೂಡಿರಿ ಎಂದು ಬೀಗರನ್ನು ಕಟ್ಟೆಯ ಮೇಲೆ ಕೂರಿಸಿದ.

ಎಲ್ಲರೂ ಕೂತರು. ಮಂಜು ಸರಿದು ನೀರಿನ ಮೇಲೆ ಬಿಸಿಲು ಹರಡಿತು. ಹರಿಗೋಲು ಕಟ್ಟಿದಲ್ಲೇ ಅಷ್ಟಷ್ಟೇ ತಿರುಗುತ್ತಿತ್ತು. ಹುಲಿಗೆವ್ವ ಆಚೆ ದಡ ನೋಡಿದಳು, ನೀರು ನೋಡಿದಳು, ಹಸಿರು ಸೀರೆಯಲ್ಲಿ ಮುದುಡಿ ಕೂತ ಮಗಳನ್ನು ನೋಡಿದಳು. ಕೂರಿಸಿಕೊಂಡರೆ ಮಗಳು ಬದುಕುತ್ತಾಳೆ. ಬದುಕಿ ಈ ಕಟ್ಟೆಯ ಮೇಲೆ ನನ್ನ ಹಾಗೆ ನೀರು ನೋಡುತ್ತ ಮುಪ್ಪಾಗುತ್ತಾಳೆ. ಕಳಿಸಿದರೆ ಏನಾದೀತೋ ಹೊಳೆಗೇ ಗೊತ್ತು. ಸೀನು ನನಗೆ ಕೂರು ಎಂದು ಹೇಳಿತು, ಕೂತೆವು. ಎಂದೆಂದಿಗೂ ಹೋಗಬೇಡ ಎಂದು ಅದು ಹೇಳಿತೇ? ಹಾಗೆ ಹೇಳುತ್ತಿದ್ದವಳು ನಾನಲ್ಲವೇ? ಅವಳ ಮನಸ್ಸಿನೊಳಗೆ ಏನೇನು ಸುತ್ತಿತೋ ಯಾರು ಕಂಡವರು. ಕಂಡದ್ದು ಇಷ್ಟು: ಅವಳು ಎದ್ದು ನಿಂತಳು, ಬೆಳಗಿನ ಕೆಲಸದಲ್ಲಿ ತನ್ನ ಸೀರೆಯ ಅಂಚಿಗೆ ಅಂಟಿ ಉಳಿದಿದ್ದ ಒಂದೇ ಒಂದು ಕರಡದ ಎಳೆಯನ್ನು ಬಿಡಿಸಿಕೊಂಡಳು. ಬೀಗರು, ಅಳಿಯ, ಮೈದುನ, ಓಣಿಯ ಹೆಂಗಸರು ಎಲ್ಲರೂ ನೋಡುತ್ತಿರುವಂತೆಯೇ ಅದನ್ನು ಮೂಗಿಗೆ ತಾಗಿಸಿ ಗಟ್ಟಿಯಾಗಿ ಸೀನಿದಳು.

“ಇದೇನಬೇ ಬೀಗತಿ!” ಎಂದು ಕನಕಪ್ಪ ಬಾಯಿ ತೆರೆದುಕೊಂಡು ಕೂತ. ಮೊದಲಿನ ಸಲಗಳ ಗುಟ್ಟು ಅವನಿಗೆ ಆ ಕ್ಷಣದಲ್ಲೇ ತಿಳಿದಿರಬೇಕು. ಹುಲಿಗೆವ್ವನಿಗೆ ನಾಚಿಕೆಯ ಗೊಡವೆಯೇ ಇರಲಿಲ್ಲ. ಅವಳು ಮಗಳ ಕಡೆಗೆ ತಿರುಗಿ ಹೇಳಿದಳು:

“ಮೊದಲನೇ ಸೀನು ಕೂಡ್ರು ಅಂತು, ಕುಂತಿ. ಇದು ಎರಡನೇದು. ಹೋಗು ಅಂತೈತಿ. ನಾನು ಹೇಳ್ತೀನಿ, ಹೋಗು.”

ಗಾಳೆವ್ವ ತಾಯಿಯ ಮುಖವನ್ನೇ ನೋಡಿದಳು. “ಮೊದಲನೇದು?” ಎಂದು ಮೆಲ್ಲಗೆ ಕೇಳಿದಳು.

“ಅದು ನಂದಲ್ಲವ್ವ.”

ಅಷ್ಟಕ್ಕೇ ಮಗಳಿಗೆ ಎಲ್ಲ ತಿಳಿಯಿತು. ತಾಯಿ ಯಾವುದನ್ನು ಎದೆಯಲ್ಲಿಟ್ಟುಕೊಂಡು ತನ್ನನ್ನು ಕಳಿಸುತ್ತಿದ್ದಾಳೆ ಎಂಬುದು ತಿಳಿಯಿತು. ಆದರೂ ತಾಯಿಯನ್ನು ಒಮ್ಮೆ ಬಿಗಿಯಾಗಿ ತಬ್ಬಿಕೊಂಡು, ಹೋಗಿ ಬರುತ್ತೇನೆ ಎಂದು ಹೇಳಿ ಹರಿಗೋಲು ಹತ್ತಿದಳು. ಹುಲಿಗೆವ್ವ ಕೈಯಲ್ಲಿದ್ದ ಕರಡದ ಎಳೆಯನ್ನು ಕಟ್ಟೆಯ ಒಂದು ಕುಳಿಯಲ್ಲಿ ನೆಟ್ಟು, ಅದರ ಪಕ್ಕದಲ್ಲೇ ಕುಸಿದು ಕೂತಳು. ಹರಿಗೋಲು ನಡುಹೊಳೆಯಲ್ಲಿ ಸುತ್ತಿತು, ಮತ್ತೆ ಸುತ್ತಿತು. ಪ್ರತಿ ಸುತ್ತಿಗೂ ಹಸಿರು ಸೀರೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮರೆಯಾಗುತ್ತಿತ್ತು. ಅವರು ಕೂತಿದ್ದ ಹೊತ್ತಿನಲ್ಲಿ ಮೇಲಿನಿಂದ ಒಂದು ಭಾರಿ ಮರ ಕೊಚ್ಚಿಕೊಂಡು ಬಂದು ಹೋಯಿತು, ಕೂರದಿದ್ದರೆ ಹರಿಗೋಲು ಚೂರಾಗುತ್ತಿತ್ತು ಎಂದು ಕೆಲವರು ಸೇರಿಸುತ್ತಾರೆ. ಅಂಬಿಗರ ಓಣಿಯ ಹಿರಿಯರು ಅದನ್ನು ಒಪ್ಪುವುದಿಲ್ಲ. ಮರವೂ ಬರಲಿಲ್ಲ, ಮೊಸಳೆಯೂ ಬರಲಿಲ್ಲ, ಹೊಳೆ ಆ ದಿನ ತನ್ನ ಪಾಡಿಗೆ ತಾನು ಹರಿಯುತ್ತಿತ್ತು, ಅಷ್ಟೇ. ಹೊಳೆ ಏನೂ ಮಾಡುವುದಿಲ್ಲವೆಂದು ಹುಲಿಗೆವ್ವನಿಗೆ ಯಾರೂ ಭಾಷೆ ಕೊಟ್ಟಿರಲಿಲ್ಲ. ಕೊಡದಿದ್ದರೂ ಕಳಿಸಿದಳು, ದೊಡ್ಡದು ಅದು ಎನ್ನುತ್ತಾರೆ.

ಕರಿಯಪ್ಪ ಮರಳಿ ಬಂದಾಗ ಅತ್ತಿಗೆ ಕೂತಲ್ಲೇ ಕೂತಿದ್ದಳು. ಅವನು ಒಂದು ಮುತ್ತುಗದ ಎಲೆಯ ಪೊಟ್ಟಣವನ್ನು ಅವಳ ಕೈಯಲ್ಲಿಟ್ಟ. ಬಿಚ್ಚಿದರೆ ಒಂದು ಹಿಡಿ ಹಸಿ ಮರಳು. “ಆಚಿ ದಂಡಿದು. ನಿನ್ನ ಮಗಳು ಕೊಟ್ಟಾಳ. ನಾನು ಮುಟ್ಟೀನಿ ಅಂತ ಬರೀ ಬಾಯಿಲೆ ಹೇಳಿದ್ರ ಅವ್ವ ನಂಬಂಗಿಲ್ಲ, ಇದನ್ನ ಕೊಡು ಅಂದ್ಲು” ಎಂದ. ಹುಲಿಗೆವ್ವ ಆ ಮರಳನ್ನು ಹಿಡಿದುಕೊಂಡು ನಕ್ಕಳು. ದುರುಗಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ಆ ಕಡವು ಅಂದೇ ಕಂಡದ್ದು.

ಅಂದಿನಿಂದ ಜೋಡಿ ಸೀನಿಗೆ ಬೆಲೆ ಬಂತು. ಹೊರಟವರಿಗೆ ಒಂಟಿ ಸೀನು ಬಂದು ಕಟ್ಟೆಯ ಮೇಲೆ ಕೂತರೆ, ಹುಲಿಗೆವ್ವ ಅವರ ಮುಖ ನೋಡಿ, ಸಾಕಷ್ಟು ಕೂತರು ಅನ್ನಿಸಿದಾಗ ಒಂದು ಎಳೆ ಹುಲ್ಲು ಕಿತ್ತು ತಾನೇ ಎರಡನೆಯ ಸೀನು ಸೀನಿ ಕಳಿಸಿಕೊಡುತ್ತಿದ್ದಳಂತೆ. ಕಿತ್ತ ಕರಡ ಮತ್ತೆ ದಟ್ಟವಾಗಿ ಬೆಳೆದಿತ್ತು. ಮಕ್ಕಳು ಅವಳನ್ನು ಸೀನವ್ವ ಎಂದು ಕರೆದರು, ದೊಡ್ಡವರಿಗೂ ಅದೇ ರೂಢಿಯಾಯಿತು. ಗಾಳೆವ್ವ ಚೊಚ್ಚಲ ಹೆರಿಗೆಗೆ ಬಂದಳು, ಆಮೇಲೂ ಬಂದಳು, ಹೋದಳು. ಪ್ರತಿ ಸಲವೂ ಆಚೆ ದಡದಿಂದ ಒಂದು ಹಿಡಿ ಮರಳು ಬರುತ್ತಿತ್ತು. ಆ ಮರಳನ್ನೆಲ್ಲ ಹುಲಿಗೆವ್ವ ಮನೆಯ ತುಳಸಿಯ ಬುಡಕ್ಕೆ ಹಾಕುತ್ತಿದ್ದಳು.

ವಯಸ್ಸಾಗಿ ಒಂದು ದಿನ ಹುಲಿಗೆವ್ವ ಕಣ್ಣು ಮುಚ್ಚಿದಳು. ಸುದ್ದಿ ಮುಟ್ಟಿ ಗಾಳೆವ್ವ ಹೊಳೆ ದಾಟಿ ಬಂದಳು. ಅವಳ ತಲೆಯಲ್ಲೂ ಆಗ ಬಿಳಿಕೂದಲು. ಓಣಿಯವರನ್ನು ಮಣ್ಣು ಮಾಡುವುದು ಹೊಳೆಯಂಚಿನಲ್ಲೇ, ಕಡವಿನ ಆಚೆಗೆ. ಹೆಂಗಸರು ಕಟ್ಟೆಯ ತನಕ ಬಂದು ಅಲ್ಲಿಂದ ಹಿಂದಿರುಗುವುದು ರೂಢಿ. ಹೆಣ ಹೊತ್ತವರು ಕಟ್ಟೆ ದಾಟಬೇಕು ಎನ್ನುವಾಗ ಹಿಂದಿನಿಂದ ಒಂದು ಸೀನು ಕೇಳಿಸಿತು. ಎಲ್ಲರೂ ನಿಂತರು. ಸೀನಿದವಳು ಗಾಳೆವ್ವ. ಹೋದವರನ್ನು ಕಳಿಸುವಾಗ ಸೀನು ಬಂದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯದು, ಅದಕ್ಕೆ ಯಾವ ವಾಡಿಕೆಯೂ ಇರಲಿಲ್ಲ. ಹಣ್ಣುಮುದುಕನಾಗಿದ್ದ ಕರಿಯಪ್ಪ ಕೋಲೂರಿಕೊಂಡು ಮುಂದೆ ಬಂದ. ಗಾಳೆವ್ವನ ಮುಚ್ಚಿದ ಮುಷ್ಟಿಯಿಂದ ಕರಡದ ತೆನೆಯೊಂದು ಇಣುಕುತ್ತಿದ್ದುದನ್ನು ಅವನು ಕಂಡ. ಕಂಡೂ ಕಾಣದವನಂತೆ, “ಸೀನು ಬಂತಪ್ಪ. ಇಳಿಸ್ರಿ. ಎಲ್ಲಾರೂ ಕೂಡ್ರಿ” ಎಂದ.

ಹುಲಿಗೆವ್ವನನ್ನು ಅವಳ ಕಟ್ಟೆಯ ಮೇಲೆಯೇ ಇಳಿಸಿದರು. ಬಂದವರೆಲ್ಲ ಹೊಂಗೆಯ ನೆರಳಲ್ಲಿ ಕೂತರು. ಗಾಳೆವ್ವ ತಾಯಿಯ ತಲೆಯ ಹತ್ತಿರ ಕೂತು, ಅವಳ ಹಣೆಯ ಮೇಲೆ ಉದುರಿದ ಹೊಂಗೆಯ ಹೂವನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ತೆಗೆದಂತೆ ಮತ್ತೆ ಉದುರುತ್ತಿದ್ದವು. ನೀರು ನಿಂತು ದಡವೇ ಹರಿಯುತ್ತಿರುವಂತಿದ್ದ ಆ ಮಧ್ಯಾಹ್ನ ಎಷ್ಟು ಹೊತ್ತು ಹಾಗೆ ಕೂತಿದ್ದರೋ ಯಾರೂ ಎಣಿಸಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಕಡೆಗೆ ಗಾಳೆವ್ವ ಮುಷ್ಟಿ ಬಿಚ್ಚಿದಳು. ಹುಲ್ಲಿನ ಎಳೆಯನ್ನು ಮೂಗಿಗೆ ತಾಗಿಸಿ, ಅಳುವಿನ ನಡುವೆಯೇ ಎರಡನೆಯ ಸೀನು ಸೀನಿದಳು. ತಾಯಿ ತನ್ನನ್ನು ಕಳಿಸಿದ ದಿನ ಹೇಳಿದ್ದನ್ನೇ ತಾಯಿಗೆ ಹೇಳಿದಳು:

“ಕುಂತಿ, ಸಾಕವ್ವ. ನಾನು ಹೇಳ್ತೀನಿ, ಹೋಗು.”

ಹೊರುವವರು ಎತ್ತಿಕೊಂಡರು. ಗಾಳೆವ್ವ ಆ ಎಳೆಯನ್ನು ಕಟ್ಟೆಯ ಇನ್ನೊಂದು ಕುಳಿಯಲ್ಲಿ ನೆಟ್ಟು ಮನೆಯ ಕಡೆಗೆ ತಿರುಗಿದಳು.

ಆ ಎರಡು ಕುಳಿಗಳನ್ನು ಸೀನವ್ವನ ಮೂಗಿನ ಹೊಳ್ಳೆಗಳೆಂದು ಈಗಿನ ಮಕ್ಕಳು ಹೇಳಿ ನಗುತ್ತಾರೆ. ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವ ವಯಸ್ಸಾದ ಹೆಂಗಸರು ಕಿಟಕಿಯಿಂದ ಹೊಂಗೆಯ ಮರದ ತಲೆ ಕಂಡೊಡನೆ ಮೂಗು ಮುಟ್ಟಿಕೊಳ್ಳುತ್ತಾರೆ. ಸುತ್ತಲಿನ ಊರುಗಳವರು ಮಗಳನ್ನು ಗಂಡನ ಮನೆಗೆ ಕಳಿಸುವ ಮುಂಚೆ ಅವಳನ್ನು ಇಲ್ಲಿಗೆ ಕರೆತರುವುದು ಇಂದಿಗೂ ಉಂಟು. ತಾಯಿ ಒಂದು ಕರಡದ ಕಡ್ಡಿ ಕಿತ್ತು ಮೊದಲ ಕುಳಿಯಲ್ಲಿ ನೆಡುತ್ತಾಳೆ, ಇಬ್ಬರೂ ಕೂರುತ್ತಾರೆ. ಎರಡನೆಯದನ್ನೂ ತಾಯಿಯೇ ನೆಡಬೇಕು, ಅಲ್ಲಿಯ ತನಕ ಮಗಳು ಏಳುವ ಹಾಗಿಲ್ಲ. ಕೆಲವು ತಾಯಂದಿರು ಎರಡನೆಯ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮಾಡುತ್ತಾರೆ. ಮೇಲೆ ದಾರಿಯಲ್ಲಿ ನಿಂತ ಗಾಡಿ ಹಾರನ್ ಹೊಡೆಯುತ್ತದೆ, ಗಂಡಸರು ಕೂಗುತ್ತಾರೆ. ಮಗಳು ಮಾತ್ರ ತಾಯಿಯ ಕೈಯನ್ನು ನೋಡುತ್ತ ಸುಮ್ಮನೆ ಕೂತಿರುತ್ತಾಳೆ. ಮೊದಲನೆಯದನ್ನು ನೆಟ್ಟು ಎರಡನೆಯದನ್ನು ನೆಡದೆ ಹೋದ ತಾಯಿಯನ್ನು ಈವರೆಗೆ ಯಾರೂ ಕಂಡಿಲ್ಲ ಎನ್ನುತ್ತಾರೆ.